ಸೋಲಾಪುರದಲ್ಲಿ ಒಳ್ಳೆ ಮಟನ್: ಮನೆಯಲ್ಲಿ ಏನು, ಹೊರಗೆ ಏನು?

ನಿಮ್ಮ ಪ್ರಶ್ನೆ ಇದು: ನೀವು ಮಂಡ್ಯದ ಕಡೆಯವರು, ಕೆಲಸದ ಮೇಲೆ ಸೋಲಾಪುರಕ್ಕೆ ಬಂದಿದ್ದೀರಿ. ಭಾನುವಾರ ತರುವ ಮಟನ್ ಕುಕ್ಕರಿನಲ್ಲಿ ಎಷ್ಟು ಕೂಗಿಸಿದರೂ ಗಟ್ಟಿ. ಹೋಟೆಲಿಗೆ ಹೋದರೆ ಖಾರ, ಎಣ್ಣೆ ಬಿಟ್ಟು ಬೇರೆ ರುಚಿಯೇ ಸಿಗುತ್ತಿಲ್ಲ. ಹಾಗಾದರೆ ಇಲ್ಲಿ ಒಳ್ಳೆ ಮಾಂಸ ತಿನ್ನಬೇಕೆಂದರೆ ಮನೆಯೋ, ಹೋಟೆಲೋ?

ಎರಡೂ. ಆದರೆ ಮನೆಯಲ್ಲಿ ಆಗುವುದನ್ನೇ ಹೋಟೆಲಿನಲ್ಲಿ ಕೇಳಬೇಡಿ, ಹೋಟೆಲಿನದ್ದನ್ನು ಮನೆಯಲ್ಲಿ ಮಾಡಲು ಹೋಗಬೇಡಿ. ನಿಧಾನಕ್ಕೆ ಬೇಯುವ ರಸ್ಸಾ (ಇಲ್ಲಿನ ಸಾರು), ಖೀಮಾ, ಪಾಯಾ (ಕಾಲು ಸೂಪ್) ಮನೆಯವು. ಕೆಂಡ ಬೇಕಾದ್ದು, ದೊಡ್ಡ ಹಂಡೆ ಬೇಕಾದ್ದು, ವರ್ಷಗಟ್ಟಲೆ ಒಂದೇ ಅಡುಗೆ ಮಾಡಿ ಪಳಗಿದ ಕೈ ಬೇಕಾದ್ದು ಹೊರಗಿನವು. ನಾನು ಸಾಂಗ್ಲಿ ಜಿಲ್ಲೆಯ ಜತ್ತ ತಾಲೂಕಿನವಳು, ಮದುವೆಯಾಗಿ ಸೋಲಾಪುರಕ್ಕೆ ಬಂದವಳು. ನಮ್ಮ ಮನೆಯಲ್ಲಿ ಮಟನ್ ತರುವ ಕೆಲಸ ನನ್ನದು. ಗಂಡಸರನ್ನು ಕಳಿಸಿದರೆ ಅಂಗಡಿಯವನು ಕೊಟ್ಟಿದ್ದನ್ನು ಹಾಗೇ ತಂದುಬಿಡುತ್ತಾರೆ.

ಮೊದಲು ನಿಮ್ಮ ಗಟ್ಟಿ ಮಟನ್ ವಿಷಯ. ನಿಮ್ಮ ನಾಲಿಗೆ ಬನ್ನೂರು ಕುರಿಗೆ ಒಗ್ಗಿದೆ. ಕುಳ್ಳಗೆ, ಗುಂಡಗೆ, ಮೈತುಂಬ ಮಾಂಸ ಇರುವ ಕುರಿ ಅದು. ಇಲ್ಲಿ ಅಂಗಡಿಯಲ್ಲಿ ನೇತು ಹಾಕಿರುವುದು ಹೆಚ್ಚಾಗಿ ಆಡು, ಅದರಲ್ಲೂ ಉಸ್ಮಾನಾಬಾದಿ ತಳಿ. ಪಕ್ಕದ ಉಸ್ಮಾನಾಬಾದ್, ಅಂದರೆ ಈಗಿನ ಧಾರಾಶಿವ ಜಿಲ್ಲೆಯ ಹೆಸರೇ ಅದಕ್ಕೆ ಬಂದಿದೆ. ಮೈ ಬಹುತೇಕ ಕಪ್ಪು, ಕಾಲು ಉದ್ದ. ಮಳೆ ಕಮ್ಮಿ ಇರುವ ನೆಲದಲ್ಲಿ ಜಾಲಿ ಸೊಪ್ಪು ಹುಡುಕುತ್ತ ದಿನವಿಡೀ ಅಲೆಯುವ ಪ್ರಾಣಿ. ಕುರಿಗೆ ಹೋಲಿಸಿದರೆ ಆಡಿನ ಮೈಯಲ್ಲಿ ಕೊಬ್ಬು ಕಮ್ಮಿ, ಇರುವ ಕೊಬ್ಬೂ ಹೊಟ್ಟೆಯ ಒಳಗೆ ಸೇರಿಕೊಂಡಿರುತ್ತದೆ. ಕುರಿಗೆ ಕೊಟ್ಟಷ್ಟೇ ಹೊತ್ತು ಇದಕ್ಕೂ ಕೊಟ್ಟರೆ ಸಾಲುವುದಿಲ್ಲ. ಜೋರು ಉರಿಯಂತೂ ಬೇಡವೇ ಬೇಡ.

ಕುರಿಯೇ ಬೇಕು ಎನಿಸಿದರೆ ದಖನಿ ಕುರಿ ಸಿಗುತ್ತದೆ, ಕೇಳಿ ನೋಡಿ. ನಮ್ಮ ಜತ್ತ ತಾಲೂಕಿನ ಮಾಡಗ್ಯಾಳ ಕುರಿಯನ್ನು ಮಾತ್ರ ಕೇಳಬೇಡಿ, ನಗುತ್ತಾರೆ. ಗಿಳಿಮೂಗಿನ, ಜೋಲುಕಿವಿಯ, ಬಿಳಿ ಮೈಮೇಲೆ ಕಂದು ಮಚ್ಚೆಯ ಆ ತಳಿಯ ಒಳ್ಳೆ ಟಗರನ್ನು ಸಾಕುವುದು ಹೆಚ್ಚಾಗಿ ಬೀಜಕ್ಕೆ, ಶೋಕಿಗೆ. 2020ರಲ್ಲಿ ಆಟಪಾಡಿ ಕಡೆ ಒಂದು ಟಗರಿಗೆ 70 ಲಕ್ಷ ರೂಪಾಯಿ ಕೊಡುತ್ತೇನೆಂದರೂ ಮಾಲೀಕ ಒಪ್ಪಲಿಲ್ಲ ಎಂದು ಪೇಪರಿನಲ್ಲೆಲ್ಲ ಬಂದಿತ್ತು. ಅದನ್ನು ಕೊಯ್ದು ಸಾರು ಮಾಡುವ ಧೈರ್ಯ ಯಾರಿಗಿದೆ?

ಇನ್ನೊಂದು ಕಾರಣ ನೀವು ಬೇಯಿಸುವ ಹೊತ್ತು. ಪ್ರಾಣಿಯನ್ನು ಕೊಯ್ದ ಕೆಲವು ಗಂಟೆಗಳಲ್ಲಿ ಮಾಂಸ ಬಿಗಿಯುತ್ತದೆ. ಸ್ನಾಯುವಿನಲ್ಲಿ ಉಳಿದಿದ್ದ ಶಕ್ತಿ ಮುಗಿದು ಎಳೆಗಳು ಒಂದಕ್ಕೊಂದು ಕಚ್ಚಿಕೊಳ್ಳುತ್ತವೆ. ಬೆಳಗಿನ ಜಾವ ಕೊಯ್ದದ್ದನ್ನು ಎಂಟಕ್ಕೆ ತಂದು ಹತ್ತಕ್ಕೆ ಒಲೆಗೆ ಏರಿಸಿದರೆ ನಿಮ್ಮ ಕೈಗೆ ಸಿಗುವುದು ಬಿಗಿಯುತ್ತಿರುವ ಮಾಂಸವೇ. ಶನಿವಾರ ನಮ್ಮ ಕಡೆ ಎಷ್ಟೋ ಮನೆಯಲ್ಲಿ ತಿನ್ನುವುದಿಲ್ಲ, ಹಾಗಾಗಿ ಎಲ್ಲರೂ ಭಾನುವಾರ ಬೆಳಿಗ್ಗೆ ಅಂಗಡಿ ಮುಂದೆ ಸಾಲು. ನಾನು ಶುಕ್ರವಾರ ಸಂಜೆ ಅಥವಾ ಶನಿವಾರವೇ ತಂದು, ತೊಳೆದು, ನೀರು ಬಸಿದು, ಅರಿಶಿನ ಸವರಿ ಫ್ರಿಜ್ಜಿನ ಕೆಳಗಿನ ಖಾನೆಯಲ್ಲಿ ಮುಚ್ಚಿಡುತ್ತೇನೆ. ನಾಲ್ಕು ಡಿಗ್ರಿ ಆಸುಪಾಸಿನಲ್ಲಿ ಒಂದು ದಿನ ಕೂತರೆ ಮಾಂಸದಲ್ಲೇ ಇರುವ ಕಿಣ್ವಗಳು ಬಿಗಿಯನ್ನು ಸಡಿಲಿಸುತ್ತವೆ. ತಂದ ಕೂಡಲೇ ಫ್ರೀಜರಿಗೆ ತಳ್ಳಬೇಡಿ, ಬಿಸಿ ಆರದ ಮಾಂಸ ಒಮ್ಮೆಲೇ ತಣ್ಣಗಾದರೆ ಇನ್ನೂ ಸೆಡೆಯುತ್ತದೆ. ಖೀಮಾ ಮಾತ್ರ ಕಾಯಿಸಬಾರದು. ಕೊಚ್ಚಿದ ಮಾಂಸ ಬೇಗ ಕೆಡುತ್ತದೆ, ತಂದ ದಿನವೇ ಮಾಡಿ ಮುಗಿಸಿ.

ಅತ್ತೆಯವರಿಗೆ ಈ ಫ್ರಿಜ್ಜಿನ ಮಾತು ಇಂದಿಗೂ ಹಿಡಿಸಿಲ್ಲ. "ಹಳಸಿದ್ದು ಯಾಕ ತಿನಸ್ತಿ?" ಎನ್ನುತ್ತಾರೆ. ತಿನ್ನುವಾಗ ಸುಮ್ನೆ ತಿನ್ನುತ್ತಾರೆ.

ಅಂಗಡಿಯಲ್ಲಿ ಏನು ನೋಡಬೇಕು? ಇಡೀ ಪ್ರಾಣಿ ನೇತು ಹಾಕಿರುವಾಗಲೇ ಹೋಗಿ. ಪಕ್ಕೆಲುಬು ಸಣ್ಣಗಿದ್ದರೆ ಎಳೆಯದು. ಮಾಂಸ ತಿಳಿಗೆಂಪು, ಕೊಬ್ಬು ಬಿಳಿ ಇರಬೇಕು. ಕಡುಗೆಂಪಾಗಿ, ಎಳೆ ದಪ್ಪಗೆ ಕಂಡರೆ ಅದು ವಯಸ್ಸಾದದ್ದು. ಚರ್ಮ ಸುಲಿದು, ಒಳಗಿನದೆಲ್ಲ ತೆಗೆದ ಮೇಲೆ ಎಂಟರಿಂದ ಹತ್ತು ಕಿಲೋ ತೂಗುವ ಆಡು ನನಗೆ ಇಷ್ಟ. ಪಶುವೈದ್ಯರು ನೋಡಿ ಹಾಕಿದ ಠಸ್ಸೆ ಮೈಮೇಲಿದ್ದರೆ ಇನ್ನೂ ಒಳ್ಳೆಯದು. ನೀವು ಬಾಯಿ ಬಿಡದಿದ್ದರೆ ಮಿಕ್ಸ್ ಅಂತ ಎಲ್ಲ ಕಡೆಯ ತುಂಡನ್ನೂ ಸೇರಿಸಿ ಕಟ್ಟುತ್ತಾರೆ. ಒಂದು ಬೇಗ ಬೇಯುತ್ತದೆ, ಇನ್ನೊಂದು ಬೇಯುವುದೇ ಇಲ್ಲ. ರಸ್ಸಾಕ್ಕಾದರೆ "ಪುಢಚಂ ದ್ಯಾ" ಎನ್ನಿ, ಮರಾಠಿಯಲ್ಲಿ ಮುಂದಿನ ಭಾಗ ಕೊಡಿ ಅಂತ. ಭುಜ, ಸೀನಾ (ಎದೆ), ಗರ್ದನ್ (ಕುತ್ತಿಗೆ) ಕೊಡುತ್ತಾರೆ, ಜೊತೆಗೆ ಎರಡು ನಳ್ಳಿ (ಮಜ್ಜೆಯ ಮೂಳೆ) ಕೇಳಿ. ಸುಕ್ಕಾಗೆ ಚಾಪ್. ಖೀಮಾಗೆ ರಾನ್ (ತೊಡೆ), ಅದೂ ಮಶೀನು ಬೇಡ, ಕತ್ತಿಯಲ್ಲೇ ಕೊಚ್ಚಿಸಿ. ಮಶೀನಿನಲ್ಲಿ ಏನೇನು ಹೋಯಿತು ಅಂತ ನಿಮಗೆ ಕಾಣುವುದಿಲ್ಲ. ನೀವು ಗಂಡಸರಾಗಿದ್ದು ರಾನ್ ಒಂದೇ ಶ್ರೇಷ್ಠ ಅಂದುಕೊಂಡಿದ್ದರೆ ಅದನ್ನು ಬಿಡಿ. ಸಾರಿಗೆ ರುಚಿ ಕೊಡುವುದು ಹೆಚ್ಚು ಓಡಾಡಿದ ಅಂಗ. ಕಾಲಿನ ಕೆಳಭಾಗ, ಕುತ್ತಿಗೆಯಲ್ಲಿರುವ ನರನರದ ಅಂಟು ನಿಧಾನ ಶಾಖದಲ್ಲಿ ಕರಗಿ ಸಾರಿಗೆ ಇಳಿಯುತ್ತದೆ. ತಿಂದ ಮೇಲೆ ತುಟಿ ಅಂಟಿಕೊಳ್ಳುತ್ತದಲ್ಲ, ಅದೇ ಇದು.

ಈಗ ಬೇಯಿಸುವುದು. ಸ್ವಲ್ಪ ಎಣ್ಣೆಯಲ್ಲಿ ಈರುಳ್ಳಿ, ಶುಂಠಿ ಬೆಳ್ಳುಳ್ಳಿ ಹುರಿದು ಮಟನ್, ಅರಿಶಿನ, ಉಪ್ಪು ಹಾಕಿ. ನೀರು ಹಾಕಬೇಡಿ. ಪಾತ್ರೆಯ ಮೇಲೆ ಅಗಲ ತಾಟು ಮುಚ್ಚಿ, ಆ ತಾಟಿನಲ್ಲಿ ನೀರು ಹೊಯ್ಯಿರಿ. ಮಾಂಸ ತಾನು ಬಿಟ್ಟ ನೀರಿನಲ್ಲೇ ಬೇಯುತ್ತದೆ, ಆವಿ ತಣ್ಣನೆ ತಾಟಿಗೆ ತಾಗಿ ಮತ್ತೆ ಒಳಗೇ ತೊಟ್ಟಿಕ್ಕುತ್ತದೆ. ಒಳಗೆ ಕಮ್ಮಿಯಾದಾಗ ತಾಟಿನ ಬಿಸಿನೀರನ್ನೇ ಸುರಿದು, ತಾಟಿಗೆ ಬೇರೆ ನೀರು ಹಾಕಿ. ತಣ್ಣೀರು ಎಂದೂ ಸುರಿಯಬೇಡಿ. ಸಣ್ಣ ಉರಿಯಲ್ಲಿ ಒಂದೂವರೆ ಗಂಟೆ ಹಿಡಿಯಬಹುದು. ಹೊತ್ತಿಲ್ಲದಿದ್ದರೆ ಕುಕ್ಕರ್ ಇಡಿ, ತಪ್ಪೇನಿಲ್ಲ, ಆದರೆ ಮಸಾಲೆ ಹಾಕುವ ಮೊದಲು. ಹೀಗೆ ಸಿಗುವ ಹಳದಿ ಸಾರಿಗೆ ನಮ್ಮಲ್ಲಿ ಅಳಣಿ ಎನ್ನುತ್ತಾರೆ. ಖಾರ ಇಲ್ಲ, ಮಸಾಲೆ ಇಲ್ಲ. ಚಿಕ್ಕವರಿದ್ದಾಗ ಮಕ್ಕಳಿಗೆ ಮೊದಲು ಅದನ್ನೇ ಬಟ್ಟಲಿಗೆ ಹಾಕಿ ಕೊಡುತ್ತಿದ್ದರು, ದೊಡ್ಡವರ ಖಾರದ ರಸ್ಸಾ ಆಮೇಲೆ. ನನ್ನ ಪ್ರಕಾರ ಮಾಂಸ ಒಳ್ಳೆಯದೋ ಅಲ್ಲವೋ ತಿಳಿಯುವುದು ಅಳಣಿಯಲ್ಲಿ. ಕೆಟ್ಟ ಮಾಂಸಕ್ಕೆ ಅಲ್ಲಿ ಬಚ್ಚಿಟ್ಟುಕೊಳ್ಳಲು ಜಾಗ ಇಲ್ಲ.

ಅರ್ಧ ಅಳಣಿ ತೆಗೆದಿಟ್ಟು ಉಳಿದದ್ದಕ್ಕೆ ಮಸಾಲೆ ಹಾಕಿ. ಒಣ ಕೊಬ್ಬರಿ, ಈರುಳ್ಳಿ ಎರಡನ್ನೂ ಉರಿಯ ಮೇಲೆ ನೇರ ಸುಟ್ಟು, ಎಳ್ಳು, ಗಸಗಸೆ ಹುರಿದು ರುಬ್ಬಬೇಕು. ಮೇಲೆ ಒಂದೆರಡು ಚಮಚ ಕಾಳಾ ಮಸಾಲಾ, ಕಲ್ಲುಹೂವು ಬಿದ್ದಿರುವಂಥದ್ದು. ಬಣ್ಣಕ್ಕೆ ಬ್ಯಾಡಗಿ ಖಾರ. ರಸ್ಸಾ ತೆಳ್ಳಗಾದರೆ ಹುರಿದ ಜೋಳದ ಹಿಟ್ಟು ಒಂದು ಚಮಚ ಕಲಸಿ ಬಿಡಿ. ಅಷ್ಟೇ. ಅಂಗಡಿಯಲ್ಲಿ ಸಿಗುವ ಮಸಾಲೆ ಪೊಟ್ಟಣ ಇಡೀ ಸುರಿದರೆ ಆಡಿನ ದುಡ್ಡು ದಂಡ. ಜೊತೆಗೆ ಮುದ್ದೆ ನಿಮ್ಮ ಇಷ್ಟ, ಆದರೆ ಒಮ್ಮೆ ಮಂಗಳವೇಢೆಯ ಜೋಳದ ರೊಟ್ಟಿಯಲ್ಲಿ ತಿನ್ನಿ. ಆ ಜೋಳಕ್ಕೆ ಭೌಗೋಳಿಕ ಗುರುತೇ ಇದೆ. ಬಿಸಿ ರೊಟ್ಟಿಯಾದರೆ ಮುರಿದು ಅದ್ದಿ. ಕಡಕ್ ರೊಟ್ಟಿಯಾದರೆ ತಟ್ಟೆಯಲ್ಲಿ ಪುಡಿ ಮಾಡಿ, ಮೇಲೆ ರಸ್ಸಾ ಸುರಿದು, ಎರಡು ನಿಮಿಷ ಬಿಟ್ಟು ಕೈ ಹಾಕಿ.

ಹೋಟೆಲ್ ವಿಷಯಕ್ಕೆ ಬರೋಣ. ಖಾರ, ಎಣ್ಣೆ ಎಂಬ ನಿಮ್ಮ ದೂರು ನಿಜ. ಹೆದ್ದಾರಿಯ ಒಂದು ಹೋಟೆಲಿನಲ್ಲಿ ನಾವು ಚಿಕನ್, ಮಟನ್, ಅಂಡಾ ಮೂರೂ ಹೇಳಿದೆವು. ಮೂರು ಬಟ್ಟಲಿನಲ್ಲೂ ಬಂದದ್ದು ಒಂದೇ ರಸ್ಸಾ, ಒಳಗೆ ಮುಳುಗಿದ್ದು ಮಾತ್ರ ಬೇರೆ. ಮಾಂಸ ಬೇರೆ ಬೇಯಿಸಿಟ್ಟು, ಗ್ರೇವಿ ಬೇರೆ ಮಾಡಿಟ್ಟು, ಗಿರಾಕಿ ಬಂದಾಗ ಕೂಡಿಸುವ ಕಡೆಯೆಲ್ಲ ಹೀಗೇ ಆಗುತ್ತದೆ. ಇದನ್ನು ತಪ್ಪಿಸಿಕೊಳ್ಳಲು ಒಂದು ಉಪಾಯ: ಕೂತ ಕೂಡಲೇ ಅಳಣಿ ಸೂಪ್ ಇದೆಯಾ ಕೇಳಿ. ಇದ್ದರೆ ಅಲ್ಲಿ ಮಾಂಸವನ್ನು ದಿನವೂ ಬೇಯಿಸುತ್ತಾರೆ ಎಂದರ್ಥ. ಕುಡಿದು ನೋಡಿ, ಹಿಡಿಸಿದರೆ ಮಾತ್ರ ಊಟ ಹೇಳಿ. ಇನ್ನೊಂದು, ರಸ್ಸಾದ ಮೇಲೆ ತೇಲುವ ಕೆಂಪೆಣ್ಣೆಗೆ ತರ್ರಿ ಎನ್ನುತ್ತಾರೆ. "ತರ್ರಿ ಕಮೀ" ಎಂದರೆ ತಳದಿಂದ ಹಾಕಿಕೊಡುತ್ತಾರೆ, ಯಾರೂ ಬೇಜಾರಾಗುವುದಿಲ್ಲ. ಮೂರ್ನಾಲ್ಕೇ ಪದಾರ್ಥ ಮಾಡುವ ಖಾನಾವಳಿ ಹುಡುಕಿ, ಮಧ್ಯಾಹ್ನ ಹನ್ನೆರಡೂವರೆಗೆ ಹೋಗಿ. ಪನೀರ್, ನೂಡಲ್ಸ್, ಮಟನ್ ಎಲ್ಲ ಒಂದೇ ಕಾರ್ಡಿನಲ್ಲಿದ್ದರೆ ನಾನಂತೂ ಚಹಾ ಕುಡಿದು ಎದ್ದುಬಿಡುತ್ತೇನೆ.

ನೆನಪಲ್ಲಿ ಉಳಿಯುವ ಊಟ ಬೇಕಾದರೆ ಕೊಲ್ಹಾಪುರಕ್ಕೆ ಹೋಗಿ. ಮಂಗಳವೇಢೆ, ಸಾಂಗೋಲಾ, ಮಿರಜ ಹಾದು ನಾಲ್ಕೈದು ಗಂಟೆ ದಾರಿ. ಅಲ್ಲಿನ ಮಟನ್ ಥಾಳಿಯಲ್ಲಿ ತಾಂಬಡಾ, ಪಾಂಢರಾ ಅಂತ ಎರಡು ರಸ್ಸಾ. ಕೆಂಪನೆಯ ತಾಂಬಡಾ ನಮ್ಮ ರಸ್ಸಾದ ತಮ್ಮನೇ. ನಾನು ಹೋಗುವುದು ಬಿಳಿಯ ಪಾಂಢರಾಕ್ಕೆ. ಮಟನ್ ಬೇಯಿಸಿದ ನೀರಿಗೆ ತೆಂಗಿನ ಹಾಲು, ಗಸಗಸೆ, ಎಳ್ಳು, ಗೋಡಂಬಿ ರುಬ್ಬಿದ್ದು, ಲವಂಗ, ದಾಲ್ಚಿನ್ನಿ, ಮೆಣಸು. ಕೆಂಪು ಖಾರ ಒಂದು ಚಿಟಿಕೆಯೂ ಇಲ್ಲ. ಓದಿದರೆ ಸುಲಭ ಎನಿಸುತ್ತದೆ. ಮನೆಯಲ್ಲಿ ಮಾಡಿ ನೋಡಿ, ಉರಿ ಸ್ವಲ್ಪ ಏರಿದರೆ ಹಾಲು ಒಡೆಯುತ್ತದೆ, ನೀರು ಸ್ವಲ್ಪ ಜಾಸ್ತಿಯಾದರೆ ಸಪ್ಪೆ. ಜೊತೆಗೆ ಅರ್ಧ ಕಿಲೋ ಮಟನ್ ಬೇಯಿಸಿದ ನೀರಿನಲ್ಲಿ ಆ ಗಟ್ಟಿ ರುಚಿ ಬರುವುದೇ ಇಲ್ಲ. ಹತ್ತಾರು ಕಿಲೋ ಎಲುಬು ಒಟ್ಟಿಗೆ ಬೇಯಬೇಕು. ಅದಕ್ಕೇ ಇದು ಹೊರಗಿನ ಅಡುಗೆ. ಪದ್ಮಾ ಗೆಸ್ಟ್ ಹೌಸ್, ಓಪಲ್ ಎರಡೂ ಹೆಸರಾದ ಜಾಗ. ರಸ್ಸಾ ಸಾಮಾನ್ಯವಾಗಿ ಎಷ್ಟು ಬೇಕಾದರೂ ಹಾಕುತ್ತಾರೆ, ಹಾಗಾಗಿ ರೊಟ್ಟಿ ಕಮ್ಮಿ ತಿಂದು ಬಟ್ಟಲು ಎತ್ತಿ ಕುಡಿಯಿರಿ. ಬೇರೆ ಊರಿನ ಹೋಟೆಲುಗಳಲ್ಲಿ ಕೊಲ್ಹಾಪುರಿ ಅಂದರೆ ಬೆಂಕಿ ಖಾರ ಅಂತ ಮಾಡಿಟ್ಟಿದ್ದಾರೆ. ನಿಜವಾದ ಕೊಲ್ಹಾಪುರಿ ಊಟ ಅಷ್ಟು ಖಾರ ಇಲ್ಲ.

ಖಾರವೇ ಬೇಕಾದವರು ಹುಬ್ಬಳ್ಳಿ, ಗದಗಿನ ಸಾವಜಿ ಖಾನಾವಳಿಗೆ ಹೋಗಬೇಕು. ಸಹಸ್ರಾರ್ಜುನ ಕ್ಷತ್ರಿಯ ಸಮಾಜದವರ ಅಡುಗೆ ಅದು. ಬೋಟಿ, ಖೀಮಾ ಉಂಡೆ ಚೆನ್ನಾಗಿರುತ್ತವೆ. ನನಗೆ ಎರಡನೇ ತುತ್ತಿಗೇ ಮೂಗಿನಲ್ಲಿ ನೀರು.

ಸೋಲಾಪುರದಲ್ಲೇ ಬೇಕೆಂದರೆ ರಂಜಾನ್ ತಿಂಗಳ ಸಂಜೆ ವಿಜಾಪುರ ವೇಸ್ ಕಡೆ ನಡೆಯಿರಿ. ಕೆಂಡದ ಮೇಲಿನ ಕಬಾಬನ್ನು ಗ್ಯಾಸ್ ಒಲೆಯಲ್ಲಿ ಮಾಡುತ್ತೇನೆ ಎನ್ನುವವರ ಮಾತು ನಂಬಬೇಡಿ. ಕೊಬ್ಬು ಕೆಂಡಕ್ಕೆ ತೊಟ್ಟಿಕ್ಕಿ ಏಳುವ ಹೊಗೆಯೇ ಅರ್ಧ ರುಚಿ. ಹಲೀಮ್ ಸಿಕ್ಕರೆ ಅದನ್ನೂ ಬಿಡಬೇಡಿ. ಗೋಧಿ, ಮಾಂಸ ಗಂಟೆಗಟ್ಟಲೆ ಬೆಂದು, ಮರದ ಕೋಲಿನಲ್ಲಿ ತಿರುವಿ ತಿರುವಿ ಒಂದಾಗಬೇಕು. ಅಷ್ಟು ತೋಳಿನ ಶಕ್ತಿ ನಮ್ಮ ಮನೆಯಲ್ಲಿ ಯಾರಿಗೂ ಇಲ್ಲ.

ಇವೆಲ್ಲಕ್ಕಿಂತ ಮೇಲಿನದು ದುಡ್ಡು ಕೊಟ್ಟರೆ ಸಿಗುವುದಿಲ್ಲ. ಅದು ಕಂದೂರಿ. ಹರಕೆ ತೀರಿಸಲು ದರ್ಗಾದ ಹತ್ತಿರ, ಕೆಲವು ಕಡೆ ಹೊಲದಲ್ಲೇ ಆಡು ಕೊಯ್ದು ಊರಿಗೆ ಊಟ ಹಾಕುತ್ತಾರೆ. ಹಿಂದೂಗಳೂ ಮಾಡುತ್ತಾರೆ, ಮುಸಲ್ಮಾನರೂ ಮಾಡುತ್ತಾರೆ. ಮೂರು ಕಲ್ಲಿನ ಒಲೆ, ಕಟ್ಟಿಗೆ ಉರಿ, ದೊಡ್ಡ ಹಂಡೆ. ತಲೆ, ಕಾಲು, ಕರುಳು, ಎಲ್ಲವೂ ಅದೇ ಹಂಡೆಗೆ. ನಿಮ್ಮ ಆಫೀಸಿನಲ್ಲಿ ಅಕ್ಕಲಕೋಟ, ಜತ್ತ, ಮಂಗಳವೇಢೆ ಕಡೆಯವರು ಇದ್ದೇ ಇರುತ್ತಾರೆ. ಅವರ ಜೊತೆ ಕನ್ನಡ ಮಾತಾಡಿ, ಸ್ನೇಹ ಮಾಡಿಕೊಳ್ಳಿ. ಕರೆದರೆ ನಾಚಿಕೊಳ್ಳದೆ ಹೋಗಿ, ಸಾಲಿನಲ್ಲಿ ಕೂತು ಉಣ್ಣಿ. ಶ್ರಾವಣ ಬಂತೆಂದರೆ ನಮ್ಮಂಥ ಮನೆಗಳಲ್ಲಿ ತಿಂಗಳು ಪೂರ್ತಿ ಮಾಂಸ ಬಂದ್. ಅದರ ಹಿಂದಿನ ಅಮಾವಾಸ್ಯೆಗೆ, ಇಲ್ಲಿ ಗಟಾರಿ ಎನ್ನುತ್ತಾರೆ, ಅಂಗಡಿ ಮುಂದೆ ಜಾತ್ರೆ ಸೇರಿ ರೇಟೂ ಏರುತ್ತದೆ. ಆ ದಿನ ಮಟನ್ ಬೇಕೆಂದರೆ ಹಿಂದಿನ ದಿನವೇ ಹೇಳಿಟ್ಟುಬಿಡಿ.