ಲೆಕ್ಕದ ಪುಸ್ತಕದಿಂದ ರಾಜ್ಯಸಭೆಗೆ

ಪ್ರಶ್ನೆ: ಮಹಾರಾಷ್ಟ್ರದ ರೈತ ನಾಯಕ ಶರದ್ ಜೋಶಿ ಅವರು ಮೊದಲು ಸರ್ಕಾರಿ ಅಧಿಕಾರಿಯಾಗಿದ್ದರಂತೆ. ಅವರನ್ನು ನಿಜವಾದ ರೈತರೆನ್ನಬಹುದೆ? ಮಹಿಳಾ ಮೀಸಲಾತಿ ಮಸೂದೆಯನ್ನು ಅವರು ವಿರೋಧಿಸಿದ್ದೇಕೆ?
– ಓದುಗರೊಬ್ಬರು, ನಿಪ್ಪಾಣಿ

ಉತ್ತರ: ಧಾರಾಳವಾಗಿ ಎನ್ನಬಹುದು. ಅಂಚೆ ಸೇವೆಯ ಅಧಿಕಾರಿಯಾಗಿ ಸ್ವಿಟ್ಜರ್ಲೆಂಡಿನ ಬರ್ನ್‌ನಲ್ಲಿರುವ ವಿಶ್ವ ಅಂಚೆ ಒಕ್ಕೂಟದಲ್ಲಿದ್ದ ಜೋಶಿ, 1977ರಲ್ಲಿ ಆ ಕೆಲಸ ಬಿಟ್ಟು ಬಂದು, ಪುಣೆ ಜಿಲ್ಲೆಯ ಚಾಕಣದ ಬಳಿಯ ಅಂಬೇಠಾಣದಲ್ಲಿ ಮಳೆಯನ್ನೇ ನಂಬಿದ ಜಮೀನು ಕೊಂಡು ಬೇಸಾಯಕ್ಕಿಳಿದರು. ಬೀಜ, ಗೊಬ್ಬರ, ಕೂಲಿ, ಸಾಗಣೆ ಎಂದು ಪ್ರತಿಯೊಂದು ಖರ್ಚನ್ನೂ ಬರೆದಿಟ್ಟು ಕೂಡಿ ನೋಡಿದಾಗ, ಮಾರಿ ಬಂದ ಹಣದಲ್ಲಿ ಹಾಕಿದ ದುಡ್ಡೂ ಹುಟ್ಟುತ್ತಿರಲಿಲ್ಲ. ರೈತನ ಬಡತನಕ್ಕೆ ಅವನ ಸೋಮಾರಿತನವಾಗಲಿ ದುಂದುವೆಚ್ಚವಾಗಲಿ ಕಾರಣವಲ್ಲ, ಬೆಲೆಯೇ ಕಾರಣ ಎಂಬ ಅವರ ವಾದ ಹುಟ್ಟಿದ್ದು ಈ ಲೆಕ್ಕದಿಂದ. ಚಾಕಣದ ಈರುಳ್ಳಿ ಬೆಳೆಗಾರರನ್ನು ರಸ್ತೆಗಿಳಿಸಿ ಶೇತಕರಿ ಸಂಘಟನೆ ಎಂಬ ರೈತ ಸಂಘವನ್ನು ಕಟ್ಟಿದ ಅವರು, 'ಭಿಕ್ಷೆ ಬೇಡ, ಬೆವರಿನ ಬೆಲೆ ಕೊಡಿ' ಎಂದು ಕೇಳಿದರು.

ನಿಮ್ಮ ಊರಿನ ಹಿರಿಯರಿಗೆ ಇದು ಕೇಳಿದ ಕತೆಯಲ್ಲ, ಕಂಡ ಸಂಗತಿ. ವ್ಯಾಪಾರಿ ಹೇಳಿದ್ದೇ ಬೆಲೆಯಾಗಿದ್ದ ಕಾಲದಲ್ಲಿ, 1981ರಲ್ಲಿ, ನಿಪ್ಪಾಣಿಯ ತಂಬಾಕು ಬೆಳೆಗಾರರು ಜೋಶಿಯವರ ಮುಂದಾಳ್ತನದಲ್ಲಿ ಪುಣೆ–ಬೆಂಗಳೂರು ಹೆದ್ದಾರಿಯಲ್ಲೇ ವಾರಗಟ್ಟಲೆ ಬೀಡುಬಿಟ್ಟಿದ್ದರು. ಕೊನೆಗೆ ನಡೆದ ಪೊಲೀಸ್ ಗೋಲಿಬಾರಿನಲ್ಲಿ ರೈತರು ಪ್ರಾಣ ತೆತ್ತರು. ಆ ಸಾವುಗಳನ್ನು ಮರೆತು ರೈತ ಚಳವಳಿಯ ಚರಿತ್ರೆಯನ್ನು ಬರೆಯಲಾಗದು.

ಇನ್ನು ಲೋಕಸಭೆ, ವಿಧಾನಸಭೆಗಳಲ್ಲಿ ಮಹಿಳೆಯರಿಗೆ ಮೂರನೇ ಒಂದು ಭಾಗ ಸ್ಥಾನ ಮೀಸಲಿಡುವ ಮಸೂದೆಯ ವಿಚಾರ. 2004ರಿಂದ 2010ರವರೆಗೆ ರಾಜ್ಯಸಭಾ ಸದಸ್ಯರಾಗಿದ್ದ ಜೋಶಿ, 2010ರ ಮಾರ್ಚ್ 9ರಂದು 186 ಮತಗಳಿಗೆ ಎದುರಾಗಿ ಬಿದ್ದ ಏಕೈಕ ಮತವನ್ನು ಹಾಕಿದ್ದು ನಿಜ. ಆದರೆ 1986ರಲ್ಲಿ ಚಾಂದವಡದಲ್ಲಿ ರೈತ ಮಹಿಳೆಯರ ಬೃಹತ್ ಸಮಾವೇಶ ನಡೆಸಿದವರೂ, ಹೆಂಡತಿಯ ಹೆಸರಿಗೆ ಜಮೀನು ಬರೆದುಕೊಡಿ ಎಂದು 'ಲಕ್ಷ್ಮೀ ಮುಕ್ತಿ' ಅಭಿಯಾನದಲ್ಲಿ ಗಂಡಸರನ್ನು ಒಪ್ಪಿಸಿದವರೂ ಅವರೇ. ರೈತನಿಗೆ ಪಹಣಿಯಲ್ಲಿನ ಹೆಸರು ಎಷ್ಟು ದೊಡ್ಡದೆಂದು ಬಲ್ಲವರಿಗೆ ಈ ಕೆಲಸದ ತೂಕ ತಿಳಿದೀತು. ಮೀಸಲು ಕ್ಷೇತ್ರಗಳು ಚುನಾವಣೆಯಿಂದ ಚುನಾವಣೆಗೆ ಸರದಿಯಂತೆ ಬದಲಾದರೆ ಗೆದ್ದವರಿಗೆ ಕ್ಷೇತ್ರವನ್ನು ಬೆಳೆಸುವ ಆಸ್ಥೆ ಉಳಿಯದು ಎಂಬುದು ಅವರ ಆಕ್ಷೇಪವಾಗಿತ್ತು. ಮೀಸಲಾತಿ ತಡವಾಗಿಯಾದರೂ ಬರಲೇಬೇಕೆಂದು ನಂಬಿರುವ ನಾನು ಆ ಮತವನ್ನು ಒಪ್ಪಲಾರೆ; ಆದರೂ ಅದನ್ನು ಮಹಿಳಾ ದ್ವೇಷವೆಂದು ಕರೆಯುವುದು ಅವರಿಗೆ ಮಾಡುವ ಅನ್ಯಾಯ.