ಇಲ್ಲಿ ಮಳೆಯೇ ಇಲ್ಲದಿದ್ದರೂ ಕಂಪ್ಲಿ–ಗಂಗಾವತಿ ರಸ್ತೆ ಯಾಕೆ ಬಂದ್ ಆಗುತ್ತದೆ?
ಹೊಳೆ ಮೇಲಿನ ಸೇತುವೆ ತೀರಾ ತಗ್ಗಿನಲ್ಲಿದೆ, ಅದಕ್ಕೆ. ಕಂಪ್ಲಿಯಲ್ಲಿ ಒಂದು ಹನಿ ಬೀಳಬೇಕಂತಿಲ್ಲ. ಮಲೆನಾಡಿನಲ್ಲಿ ಮಳೆ ಜೋರಾದರೆ ತುಂಗೆ, ಭದ್ರೆ ಎರಡೂ ತುಂಬಿ ತುಂಗಭದ್ರಾ ಡ್ಯಾಮಿಗೆ ಬರುತ್ತವೆ. ಡ್ಯಾಮ್ ತುಂಬಿದ ಮೇಲೂ ಒಳಹರಿವು ಜಾಸ್ತಿ ಇದ್ದರೆ, ಅದರ 33 ಕ್ರೆಸ್ಟ್ ಗೇಟುಗಳಲ್ಲಿ, ಅಂದರೆ ಹೆಚ್ಚುವರಿ ನೀರು ಬಿಡುವ ಬಾಗಿಲುಗಳಲ್ಲಿ, ಬೇಕಾದಷ್ಟನ್ನು ಎತ್ತುತ್ತಾರೆ. ಆ ನೀರು ಈ ಸೇತುವೆಯನ್ನೇ ಮುಳುಗಿಸುತ್ತದೆ. ಇಳಿದ ಮೇಲೆ ನೋಡಿ, ಕಂಬಿಗಳಿಗೆ ಜೊಂಡು, ಕಸಕಡ್ಡಿ ಸುತ್ತಿಕೊಂಡಿರುತ್ತದೆ.

ಒಂದು ಕಾಲಕ್ಕೆ ಈ ಹೊಳೆಯೇ ಗಡಿ. ಈಚೆ ಕಂಪ್ಲಿ ಮದ್ರಾಸ್ ಪ್ರಾಂತ್ಯದ್ದು, ಆಚೆ ಗಂಗಾವತಿ ನಿಜಾಮರದು. ಎರಡೂ ದಡ ಒಂದೇ ರಾಜ್ಯಕ್ಕೆ ಸೇರಿದ್ದು 1956ರಲ್ಲಿ.

ಬ್ಯಾರಿಕೇಡ್ ಹಾಕಿದ್ದರೆ ದಯವಿಟ್ಟು ದಾಟಬೇಡಿ. ಸುತ್ತಾದರೂ ಪರವಾಗಿಲ್ಲ, ಬುಕ್ಕಸಾಗರ–ಕಡೇಬಾಗಿಲು ಸೇತುವೆ ಮೇಲೆ ಹೋಗಿ.