ಕಾರ್ನಾಡರ ಬಗ್ಗೆ ನೀವು ಕಳಿಸಿದ ಲೇಖನ ಓದಿದೆ

ನಮಸ್ಕಾರ.

ಗಿರೀಶ್ ಕಾರ್ನಾಡರ ಬಗ್ಗೆ ನೀವು ಬರೆದು ಕಳಿಸಿದ ಲೇಖನವನ್ನು ಎರಡು ಸಲ ಓದಿದೆ. ಈಗ ಇರುವ ಹಾಗೆ ಪತ್ರಿಕೆಯಲ್ಲಿ ಹಾಕಲು ಆಗುವುದಿಲ್ಲ. ನಿಮಗೆ ಬೇಜಾರಾಗುತ್ತದೆ, ಗೊತ್ತು. ಆದರೆ ಸುಮ್ನೆ ‘ಸ್ಥಳಾಭಾವದಿಂದ’ ಅಂತ ಒಂದು ಸಾಲು ಬರೆದು ವಾಪಸ್ ಕಳಿಸಲು ನನಗೆ ಮನಸ್ಸಾಗಲಿಲ್ಲ. ನಿಮ್ಮ ಲೇಖನದ ಒಳಗೇ ಇನ್ನೊಂದು ಲೇಖನ ಅಡಗಿದೆ. ಅದು ತುಂಬಾ ಚೆನ್ನಾಗಿದೆ. ಅದನ್ನು ಹೊರಗೆ ತೆಗೆಯಿರಿ ಅಂತ ಕೇಳಿಕೊಳ್ಳಲು ಈ ಪತ್ರ.

ನೀವು ಶುರು ಮಾಡಿರುವುದು ಹೀಗೆ: 1938ರ ಮೇ 19ರಂದು ಮಾಥೇರಾನ್‌ನಲ್ಲಿ ಜನನ, ಶಿರಸಿಯಲ್ಲಿ ಬಾಲ್ಯ, ಧಾರವಾಡದಲ್ಲಿ ಕಾಲೇಜು, ರೋಡ್ಸ್ ವಿದ್ಯಾರ್ಥಿವೇತನದ ಮೇಲೆ ಆಕ್ಸ್‌ಫರ್ಡ್. ಆಮೇಲೆ ನಾಟಕಗಳ ಪಟ್ಟಿ, ಸಿನಿಮಾಗಳ ಪಟ್ಟಿ, ಪ್ರಶಸ್ತಿಗಳ ಪಟ್ಟಿ. ಒಂದೆರಡು ಸಣ್ಣ ತಪ್ಪು ಬಿಟ್ಟರೆ ಎಲ್ಲ ಸರಿಯಾಗಿದೆ. ಆದರೆ ಎರಡನೇ ಪ್ಯಾರಾಕ್ಕೆ ಬರುವ ಹೊತ್ತಿಗೆ ನನಗೆ ಒಬ್ಬ ಮನುಷ್ಯ ಕಾಣಿಸುತ್ತಿರಲಿಲ್ಲ, ಒಂದು ಬಯೊಡೇಟಾ ಕಾಣಿಸುತ್ತಿತ್ತು. ಹುಟ್ಟಿನಿಂದಲೇ ಶುರು ಮಾಡಬೇಕು ಅಂತ ಆಸೆಯಿದ್ದರೆ ಅವರೇ ಬರೆದುಕೊಂಡ ‘ಆಡಾಡತ ಆಯುಷ್ಯ’ ತೆಗೆದು ನೋಡಿ. ಹೊಟ್ಟೆಯಲ್ಲಿದ್ದ ಈ ಮಗು ಬೇಡ ಅಂತ ತಾಯಿ ಪುಣೆಯ ಒಬ್ಬ ಡಾಕ್ಟರ ಹತ್ತಿರ ಹೋಗಿದ್ದರು. ಆ ದಿನ ಡಾಕ್ಟರಮ್ಮ ಬರಲೇ ಇಲ್ಲ. ಕಾದು ಕಾದು ವಾಪಸ್ ಬಂದರು. ತಮ್ಮ ಆತ್ಮಕತೆಯನ್ನು ಕಾರ್ನಾಡರು ಅರ್ಪಿಸಿರುವುದು ಆ ಡಾಕ್ಟರಿಗೇ. ಹುಟ್ಟಿದ ತಾರೀಖಿಗಿಂತ ಇದು ಅವರ ಬಗ್ಗೆ ಜಾಸ್ತಿ ಹೇಳುತ್ತದೆ, ಅಲ್ವಾ?

ಸಣ್ಣ ತಪ್ಪುಗಳನ್ನು ಮೊದಲು ಮುಗಿಸಿಬಿಡುತ್ತೇನೆ. ‘ಸಂಸ್ಕಾರ’ ಸಿನಿಮಾದ ನಿರ್ದೇಶಕರು ಪಟ್ಟಾಭಿರಾಮ ರೆಡ್ಡಿ. ಕಾರ್ನಾಡರು ಅದಕ್ಕೆ ಚಿತ್ರಕತೆ ಬರೆದರು, ಪ್ರಾಣೇಶಾಚಾರ್ಯನ ಪಾತ್ರ ಮಾಡಿದರು. ‘ವಂಶವೃಕ್ಷ’ವನ್ನು ಅವರು ಬಿ.ವಿ. ಕಾರಂತರ ಜೊತೆ ಸೇರಿ ನಿರ್ದೇಶಿಸಿದ್ದು, ಒಬ್ಬರೇ ಅಲ್ಲ. ‘ಮೇರು’, ‘ದಿಗ್ಗಜ’, ‘ಧೀಮಂತ’, ‘ಬಹುಮುಖ ಪ್ರತಿಭೆ’ ಈ ನಾಲ್ಕನ್ನೂ ಹೊಡೆದುಹಾಕಿ. ಲೇಖನಕ್ಕೆ ಏನೂ ಕಡಿಮೆಯಾಗುವುದಿಲ್ಲ, ನೋಡಿ.

ಈಗ ದೊಡ್ಡ ವಿಷಯ. ನೀವು ಅವರನ್ನು ಎರಡು ತುಂಡು ಮಾಡಿದ್ದೀರಿ. ಎಂಟು ಪ್ಯಾರಾ ನಟ ಕಾರ್ನಾಡರಿಗೆ. ಕೊನೆಗೆ ‘ವಿವಾದಗಳು’ ಅಂತ ಒಂದು ಉಪಶೀರ್ಷಿಕೆ ಕೊಟ್ಟು, ಹೋರಾಟಗಾರ ಕಾರ್ನಾಡರನ್ನು ಆರು ಸಾಲಿನಲ್ಲಿ ಮುಗಿಸಿದ್ದೀರಿ. ‘ಹಲವು ವಿವಾದಗಳಿಗೂ ಸಿಲುಕಿದ್ದರು’ ಎಂಬ ಸಾಲು ನನಗೆ ತುಂಬಾ ನೋವು ಕೊಟ್ಟಿತು. ಅವರು ಸಿಲುಕಿದವರಲ್ಲ. ಗೊತ್ತಿದ್ದೇ ಹೋಗಿ ನಿಂತವರು.

ನಿಮ್ಮ ಎರಡನೇ ಪ್ಯಾರಾ ತೆಗೆಯಿರಿ. ಅಲ್ಲಿ 1970ರ ‘ಸಂಸ್ಕಾರ’ ಇದೆ. ಅನಂತಮೂರ್ತಿಯವರ ಕಾದಂಬರಿ, ಮೊದಲು ಸೆನ್ಸಾರ್ ತಡೆದ ಸಿನಿಮಾ, ಆಮೇಲೆ ಕನ್ನಡಕ್ಕೆ ಮೊದಲ ಸ್ವರ್ಣಕಮಲ ತಂದ ಸಿನಿಮಾ ಅಂತೆಲ್ಲ ಬರೆದಿದ್ದೀರಿ. ಅದರಲ್ಲಿ ಯಾರ್‍ಯಾರು ಪಾತ್ರ ಮಾಡಿದ್ದರು ಎಂಬುದನ್ನು ಮಾತ್ರ ಬಿಟ್ಟಿದ್ದೀರಿ. ನಾರಣಪ್ಪನಾಗಿ ಪಿ. ಲಂಕೇಶ್. ಚಂದ್ರಿಯಾಗಿ ಸ್ನೇಹಲತಾ ರೆಡ್ಡಿ. ಕತೆ ನಿಮಗೆ ಗೊತ್ತೇ ಇದೆ: ಬ್ರಾಹ್ಮಣ್ಯ ಬಿಟ್ಟು ಬದುಕಿದ ನಾರಣಪ್ಪ ಸತ್ತು ಮನೆಯೊಳಗೆ ಬಿದ್ದಿದ್ದಾನೆ. ಅಗ್ರಹಾರದಲ್ಲಿ ಒಲೆ ಹಚ್ಚುವ ಹಾಗಿಲ್ಲ. ಅವನ ಸಂಸ್ಕಾರ ಯಾರು ಮಾಡಬೇಕು ಎಂದು ಪ್ರಾಣೇಶಾಚಾರ್ಯರು ತಾಳೆಗರಿ ತಿರುವುತ್ತಾ ಕೂತಿದ್ದಾರೆ.

ಈಗ ನಿಮ್ಮ ಕೊನೆಯ ಪ್ಯಾರಾಕ್ಕೆ ಬನ್ನಿ. 2018ರ ಸೆಪ್ಟೆಂಬರ್ 5. ಗೌರಿ ಲಂಕೇಶ್ ಹತ್ಯೆಯಾಗಿ ಒಂದು ವರ್ಷ. ಬೆಂಗಳೂರಿನಲ್ಲಿ ಜನ ಸೇರಿದ್ದಾರೆ. ಕಾರ್ನಾಡರಿಗೆ ಎಂಬತ್ತು ವರ್ಷ. ಮೂಗಿನಲ್ಲಿ ಆಕ್ಸಿಜನ್ ಪೈಪು, ಕೊರಳಲ್ಲಿ ‘ಮಿ ಟೂ ಅರ್ಬನ್ ನಕ್ಸಲ್’ ಎಂಬ ಫಲಕ. ಹತ್ಯೆಯ ತನಿಖೆಯಲ್ಲಿ ಸಿಕ್ಕ ಡೈರಿಯ ಕೊಲೆ ಪಟ್ಟಿಯಲ್ಲಿ ಅವರ ಹೆಸರೂ ಇತ್ತು ಅಂತ ಅದಕ್ಕೆ ಮೊದಲೇ ಪತ್ರಿಕೆಗಳಲ್ಲಿ ಬಂದಿತ್ತು. ಕೆಲವೇ ದಿನಗಳ ಹಿಂದೆ, ಆಗಸ್ಟ್ 28ರಂದು, ದೇಶದ ಬೇರೆ ಬೇರೆ ಊರುಗಳಲ್ಲಿ ಐವರು ಹೋರಾಟಗಾರರ ಬಂಧನವಾಗಿತ್ತು. ಊರಲ್ಲಿದ್ದುಕೊಂಡು ನಕ್ಸಲರಿಗೆ ನೆರವಾಗುವವರು ಎಂಬ ಅರ್ಥದಲ್ಲಿ ಅವರಿಗೆ ಹಚ್ಚಿದ ಹಣೆಪಟ್ಟಿಯೇ ‘ಅರ್ಬನ್ ನಕ್ಸಲ್’. ಆ ಪದವನ್ನು ಕೊರಳಿಗೆ ಹಾಕಿಕೊಂಡರೆ ಏನಾಗಬಹುದು ಅಂತ ಅವರಿಗೆ ಚೆನ್ನಾಗಿ ಗೊತ್ತಿತ್ತು. ಒಬ್ಬ ವಕೀಲರು ಪೊಲೀಸರಿಗೆ ದೂರನ್ನೂ ಕೊಟ್ಟರು.

ಗೌರಿ ಯಾರ ಮಗಳು? ಲಂಕೇಶರ ಮಗಳು. ಸಿನಿಮಾದಲ್ಲಿ ಯಾರ ಹೆಣದ ಮುಂದೆ ಏನು ಮಾಡಬೇಕೆಂದು ತಿಳಿಯದೆ ಆಚಾರ್ಯ ತಡವರಿಸಿದ್ದನೋ, ಆ ಪಾತ್ರ ಮಾಡಿದವರ ಮಗಳು. ನಲವತ್ತೆಂಟು ವರ್ಷದ ಮೇಲೆ, ಆಕೆಯ ನೆನಪಿನ ದಿನ ಉಸಿರಾಡಲು ಮೆಷಿನ್ ಬೇಕಾಗಿದ್ದ ಆಚಾರ್ಯ ತಡವರಿಸದೆ ಬಂದು ನಿಂತಿದ್ದಾರೆ. ಈ ಎರಡೂ ನಿಮ್ಮ ಲೇಖನದಲ್ಲೇ ಇವೆ. ನಡುವೆ ಏಳು ಪ್ಯಾರಾ ಪ್ರಶಸ್ತಿಗಳನ್ನು ತುಂಬಿದ್ದರಿಂದ ಒಂದಕ್ಕೊಂದು ಕಾಣದೇ ಹೋಗಿವೆ.

ಸ್ನೇಹಲತಾ ಅವರನ್ನೂ ಮರೆಯಬೇಡಿ. ತುರ್ತು ಪರಿಸ್ಥಿತಿಯಲ್ಲಿ, 1976ರಲ್ಲಿ ಅವರನ್ನು ಬಂಧಿಸಿ ಬೆಂಗಳೂರಿನ ಜೈಲಿನಲ್ಲಿಟ್ಟರು. ಅವರಿಗೆ ಆಸ್ತಮಾ ಇತ್ತು. 1977ರ ಜನವರಿಯಲ್ಲಿ ಪೆರೋಲ್ ಮೇಲೆ ಹೊರಗೆ ಬಂದು ಐದೇ ದಿನಕ್ಕೆ ತೀರಿಕೊಂಡರು. ಕಾರ್ನಾಡರು ಫಲಕ ಹಿಡಿಯುವುದನ್ನು ಮುದಿ ವಯಸ್ಸಿನಲ್ಲಿ ಕಲಿಯಲಿಲ್ಲ. ಅವರು ಮೊದಲು ಕ್ಯಾಮೆರಾ ಮುಂದೆ ನಿಂತಾಗ ಪಕ್ಕದಲ್ಲಿ ನಿಂತವರೇ ಇಂಥವರು. ಇದನ್ನು ನೀವು ಎರಡು ಸಾಲಿನಲ್ಲಿ ಹೇಳಿದರೂ ಸಾಕು, ಓದುಗರಿಗೆ ದಾರಿ ಕಾಣುತ್ತದೆ.

ಇನ್ನೊಂದು ಮಾತು. ನಿಮಗೆ ಕಾರ್ನಾಡರ ಮೇಲೆ ತುಂಬಾ ಪ್ರೀತಿಯಿದೆ. ನನಗೂ ಇದೆ. ಆದರೆ ಪ್ರೀತಿಯಿಂದ ನೀವು ಅವರನ್ನು ದೇವರ ಪಟ ಮಾಡಿಬಿಟ್ಟಿದ್ದೀರಿ. 1974–75ರಲ್ಲಿ ಅವರು ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟಿನ ನಿರ್ದೇಶಕರಾಗಿದ್ದರು ಎಂದು ಒಂದು ಸಾಲು ಬರೆದು ಮುಂದೆ ಹೋಗಿದ್ದೀರಿ. ಅಲ್ಲಿ ಆಗ ಏನಾಯಿತು ಗೊತ್ತಾ? ಡಿಪ್ಲೊಮಾ ಸಿನಿಮಾಗಳಲ್ಲಿ ನಮಗೆ ಪಾತ್ರ ಕೊಡಬೇಕು ಅಂತ ನಟನೆಯ ವಿದ್ಯಾರ್ಥಿಗಳು ಮುಷ್ಕರ ಹೂಡಿದರು. ಮುಂದೆ ನಿಂತವರಲ್ಲಿ ನಾಸಿರುದ್ದೀನ್ ಶಾ ಒಬ್ಬರು. ಅವರು ಯಾರ ವಿರುದ್ಧ ನಿಂತಿದ್ದು? ಕುರ್ಚಿಯಲ್ಲಿ ಕೂತಿದ್ದ ಕಾರ್ನಾಡರ ವಿರುದ್ಧ. ಆಮೇಲೆ ಶ್ಯಾಮ್ ಬೆನಗಲ್ ‘ನಿಶಾಂತ್’ ಸಿನಿಮಾಕ್ಕೆ ಹೊಸ ನಟನನ್ನು ಹುಡುಕುತ್ತಿದ್ದಾಗ, ಈ ಹುಡುಗನನ್ನು ನೋಡಿ ಎಂದು ಹೆಸರು ಕೊಟ್ಟಿದ್ದೂ ಕಾರ್ನಾಡರೇ. ಆ ಸಿನಿಮಾದಲ್ಲಿ ಕಾರ್ನಾಡರು ಹಳ್ಳಿಯ ಮೇಷ್ಟ್ರು. ಮೇಷ್ಟ್ರ ಹೆಂಡತಿಯನ್ನು ಹೊತ್ತೊಯ್ಯುವ ಜಮೀನ್ದಾರರ ಮನೆಯ ಕಿರಿಯ ತಮ್ಮ ನಾಸಿರುದ್ದೀನ್. ಇಂಥ ಘಟನೆ ಕೈಯಲ್ಲಿರುವಾಗ ‘ಧೀಮಂತ’ ಎಂಬ ಪದ ಯಾಕೆ ಬೇಕು?

ಹಾಗೇ 2015ರ ಟಿಪ್ಪು ಜಯಂತಿ. ವಿಮಾನ ನಿಲ್ದಾಣಕ್ಕೆ ಕೆಂಪೇಗೌಡರ ಬದಲು ಟಿಪ್ಪು ಹೆಸರು ಇಡಬಹುದಿತ್ತು ಅಂತ ಅವರು ಹೇಳಿದ್ದನ್ನು ಬರೆದಿದ್ದೀರಿ. ಬೆದರಿಕೆ ಬಂದಿದ್ದನ್ನೂ ಬರೆದಿದ್ದೀರಿ. ಮರುದಿನ ಅವರು ಕ್ಷಮೆ ಕೇಳಿದ್ದನ್ನು ಬಿಟ್ಟಿದ್ದೀರಿ. ಯಾಕೆ ಬಿಟ್ಟಿರಿ? ಅವರು ಚಿಕ್ಕವರಾಗಿ ಕಾಣುತ್ತಾರೆ ಅಂತಲೇ? ಬೆಂಗಳೂರು ಕಟ್ಟಿದವರ ಹೆಸರನ್ನು ಪಕ್ಕಕ್ಕೆ ಸರಿಸುವ ಆ ಮಾತು ನನಗೂ ಹಿಡಿಸಿರಲಿಲ್ಲ. ಜನರಿಗೆ ನೋವಾಗಿದೆ ಅಂತ ಗೊತ್ತಾದ ಮೇಲೆ ಅವರು ಹಟ ಹಿಡಿಯಲಿಲ್ಲ. ಆದರೆ ಅದೇ ವರ್ಷ ಆಗಸ್ಟ್‌ನಲ್ಲಿ ಧಾರವಾಡದಲ್ಲಿ ಕಲಬುರ್ಗಿಯವರನ್ನು ಮನೆ ಬಾಗಿಲಲ್ಲೇ ಗುಂಡಿಟ್ಟು ಕೊಂದಿದ್ದರು. ನಿನಗೂ ಅದೇ ಗತಿ ಎಂಬ ಬೆದರಿಕೆ ಬಂದ ಮೇಲೂ ಅವರು ಸಭೆಗಳಿಗೆ ಬರುವುದನ್ನು ನಿಲ್ಲಿಸಲಿಲ್ಲ. ಎರಡನ್ನೂ ಅಕ್ಕಪಕ್ಕ ಇಡಿ. ಓದುವವರಿಗೆ ತೀರ್ಮಾನ ಮಾಡಲು ಬರುತ್ತದೆ.

‘ಮಂಥನ್’ ಪ್ಯಾರಾ ಚೆನ್ನಾಗಿದೆ. ಗುಜರಾತಿನ ಐದು ಲಕ್ಷ ಹೈನುಗಾರರು ತಲಾ ಎರಡು ರೂಪಾಯಿ ಹಾಕಿ ಮಾಡಿಸಿದ ಸಿನಿಮಾ ಅದು ಎಂಬ ವಿವರ ಹಾಗೇ ಇರಲಿ. ಹಳ್ಳಿಗೆ ಬಂದು ಹಾಲಿನ ಸಂಘ ಕಟ್ಟುವ, ಕಾರ್ನಾಡರು ಮಾಡಿದ ಡಾಕ್ಟರ್ ರಾವ್ ಪಾತ್ರದ ಬಗ್ಗೆ ಇನ್ನೂ ನಾಲ್ಕು ಸಾಲು ಬರೆಯಿರಿ. ಆ ಮನುಷ್ಯ ಒಳ್ಳೆಯವನು, ಆದರೂ ಕೆಲಸ ಮುಗಿಯುವ ಮೊದಲೇ ಊರು ಬಿಟ್ಟು ಹೋಗಬೇಕಾಗುತ್ತದೆ. ಸಿನಿಮಾ ಮತ್ತೆ ನೋಡಿ. ನೆನಪಿನಿಂದ ಬರೆಯಬೇಡಿ. ಹಿಂದಿಯ ಟೈಗರ್ ಸಿನಿಮಾಗಳನ್ನು ಹೆಸರಿಸಲು ನಾಚಿಕೆ ಪಟ್ಟ ಹಾಗಿದೆ. ಪಡಬೇಡಿ. ನಟನೆ ತಮಗೆ ಹೊಟ್ಟೆಪಾಡು ಅಂತ ಅವರೇ ಮುಚ್ಚಿಡದೆ ಹೇಳುತ್ತಿದ್ದರು.

ಕೊನೆಯ ಸಾಲಿಗೆ ಬರುತ್ತೇನೆ. ‘ಅವರ ಆತ್ಮಕ್ಕೆ ಚಿರಶಾಂತಿ ಸಿಗಲಿ’ ಅಂತ ಮುಗಿಸಿದ್ದೀರಿ. ಬೇರೆ ಯಾರ ಬಗ್ಗೆಯಾದರೂ ಆಗಿದ್ದರೆ ನಾನು ಸುಮ್ಮನಿರುತ್ತಿದ್ದೆ. 2019ರ ಜೂನ್ 10ರ ಬೆಳಿಗ್ಗೆ ಅವರು ತೀರಿಕೊಂಡಾಗ ಸರ್ಕಾರ ರಜೆ ಕೊಟ್ಟಿತು, ಮೂರು ದಿನ ಶೋಕ ಸಾರಿತು. ಆದರೆ ಸರ್ಕಾರಿ ಗೌರವ ಬೇಡ, ಹೂವು ಬೇಡ, ಸಾರ್ವಜನಿಕ ದರ್ಶನ ಬೇಡ, ವಿಧಿವಿಧಾನ ಬೇಡ ಎಂಬುದು ಅವರ ಆಸೆಯಾಗಿತ್ತು. ಮನೆಯವರು ಅದನ್ನು ಹಾಗೇ ನಡೆಸಿದರು. ಲ್ಯಾವೆಲ್ಲೆ ರಸ್ತೆಯ ಮನೆಯಿಂದ ನೇರ ಕಲ್ಪಳ್ಳಿಯ ಚಿತಾಗಾರಕ್ಕೆ. ಒಂದು ಹೆಣಕ್ಕೆ ಸಂಸ್ಕಾರ ಹೇಗೆ ಮಾಡಬೇಕು ಎಂದು ಒದ್ದಾಡುವ ಪಾತ್ರದಿಂದ ಸಿನಿಮಾಕ್ಕೆ ಬಂದವರು, ತಮ್ಮದೇ ಹೆಣದ ವಿಷಯದಲ್ಲಿ ಯಾವ ಗೊಂದಲಕ್ಕೂ ಜಾಗ ಬಿಡಲಿಲ್ಲ. ನೀವು ಇದನ್ನು ಬರೆಯಲೇಬೇಕು. ಇದಕ್ಕೆ ಒಂದು ವಿಶೇಷಣವೂ ಬೇಡ.

ಹೀಗೆ ಮಾಡಿ. ಫಲಕ ಹಾಕಿಕೊಂಡ ಆ ಫೋಟೊದಿಂದ ಶುರು ಮಾಡಿ. ಫೋಟೊ ಎದುರಿಗಿಟ್ಟುಕೊಂಡು ಕಂಡದ್ದನ್ನು ಬರೆಯಿರಿ: ಪೈಪು ಹೇಗೆ ಕೆನ್ನೆ ಮೇಲೆ ಹಾದುಹೋಗಿದೆ, ಅಕ್ಷರಗಳು ಯಾವ ಬಣ್ಣದಲ್ಲಿವೆ, ಅವರು ಯಾವ ಕಡೆ ನೋಡುತ್ತಿದ್ದಾರೆ. ಅಲ್ಲಿಂದ 1970ಕ್ಕೆ ಹೋಗಿ. ಸಾವಿರದ ಇನ್ನೂರು ಪದ ದಾಟಬೇಡಿ. ಹದಿನೈದು ದಿನದಲ್ಲಿ ಕಳಿಸಿದರೆ ಮುಂದಿನ ಸಂಚಿಕೆಗೆ ಜಾಗ ಇಟ್ಟಿರುತ್ತೇನೆ. ಜ್ಞಾನಪೀಠ, ಪದ್ಮ ಪ್ರಶಸ್ತಿಗಳ ವರ್ಷಗಳನ್ನೆಲ್ಲ ನಾನೇ ಪಕ್ಕದಲ್ಲಿ ಒಂದು ಬಾಕ್ಸ್ ಮಾಡಿ ಹಾಕಿಕೊಳ್ಳುತ್ತೇನೆ, ಆ ಚಿಂತೆ ನಿಮಗೆ ಬೇಡ.

ಇಂತಿ,
ಸಂಪಾದಕಿ